ದೊಡ್ಡಮ್ಮನ ಗುಬ್ಬಿ ಕಥೆ

ಕಥೆ ಶುರುವಾಯಿತೆಂದರೆ ದೊಡ್ಡಮ್ಮನ ಕಣ್ಣು ಮುಚ್ಚುತ್ತಿತ್ತು, ಎಡಗಾಲಿನ ಹೆಬ್ಬೆರಳು ನೆಟ್ಟಗೆ ನಿಲ್ಲುತ್ತಿತ್ತು. ಕಥೆಯಲ್ಲಿ ಯಾರಾದರೂ ಓಡಿದರೆ ಬೆರಳೂ ಕುಣಿಯುತ್ತಿತ್ತು. ಯಾರಾದರೂ ಅಡಗಿ ಕೂತರೆ ಅದೂ ಗಪ್‌ಚಿಪ್. ನನ್ನ ಮಗಳು ಬಾಯಿ ಬಿಟ್ಟುಕೊಂಡು ಆ ಬೆರಳನ್ನೇ ನೋಡುತ್ತಿದ್ದಳು.

ದೊಡ್ಡಮ್ಮ ಎಂದು ಕರೆದರೂ ನೆಂಟರೇನಲ್ಲ. ಕಾಕ್ಕನಾಡಿನ ನಮ್ಮ ಫ್ಲ್ಯಾಟಿನ ಎದುರು ಮನೆಯವರು. ಕಾಸರಗೋಡಿನ ಕಡೆ ಹುಟ್ಟಿ, ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು. ಮೈಸೂರಿನವಳಾದ ನಾನು ಮನೆಯಲ್ಲಿ ಕನ್ನಡದಲ್ಲಿ ಕರೆದರೆ ಆ ಊರಲ್ಲೇ ಬೆಳೆದ ಮಗಳು ಅಲ್ಲಿನ ಮಲಯಾಳದಲ್ಲಿ ಓಗೊಡುತ್ತಿದ್ದಳು. ಅವಳ ಬಾಯಲ್ಲಿ ಉಳಿದಿದ್ದ ಕನ್ನಡವೆಂದರೆ ದೊಡ್ಡಮ್ಮನ ಕಥೆಗೆ ಹೇಳುತ್ತಿದ್ದ ‘ಹೂಂ’ ಒಂದೇ. ಅದೂ ಕೈತಪ್ಪೀತೆಂದು ನನಗೆ ನಿಜಕ್ಕೂ ಭಯವಿತ್ತು.

ಅವಳಿಗೆ ಬೇಕಾದದ್ದು ಗುಬ್ಬಿ ಕಥೆ. ಹೊಳೆಗೆ ತನ್ನ ದನಿ ಕೊಟ್ಟ ಗುಬ್ಬಿ ಅದನ್ನು ವಾಪಸು ಕೇಳಲು ಹೋಗುತ್ತದೆ. ಒಂದು ದಿನ ಹೊಳೆ ಕೊಟ್ಟುಬಿಡುತ್ತಿತ್ತು. ಇನ್ನೊಂದು ದಿನ ಸುತರಾಂ ಒಪ್ಪುತ್ತಿರಲಿಲ್ಲ. ಮತ್ತೊಂದು ದಿನ ಗುಬ್ಬಿಯೇ ‘ನೀನೇ ಇಟ್ಟುಕೋ’ ಎಂದು ಹಾರಿಹೋಗುತ್ತಿತ್ತು. ದನಿಯೇ ಇಲ್ಲದ ಗುಬ್ಬಿ ಮಾತಾಡಿದ್ದಾದರೂ ಹೇಗೆ? ನನಗೆ ತಲೆ ಕೆಟ್ಟುಹೋಗುತ್ತಿತ್ತು.

“ದೊಡ್ಡಮ್ಮ, ಇದ್ರಲ್ಲಿ ಸರಿಯಾದ್ದು ಯಾವ್ದು?”

“ಅವತ್ತು ಹೊಳೆ ಹಾಗೆ ಹೇಳಿತು ಮಾರಾಯ್ತಿ, ನಾನೆಂತ ಮಾಡುವುದು?”

ಮಂಡಿ ನೋವು ಜೋರಾಗಿ, ಅವರು ತಿರುವನಂತಪುರದ ಹತ್ತಿರ ತುಂಬ ಎಂಬ ಊರಿನಲ್ಲಿದ್ದ ಮಗಳ ಮನೆಗೆ ಹೊರಟುನಿಂತರು. ಹೊರಡುವ ಹಿಂದಿನ ದಿನ ಬೆಳಿಗ್ಗೆ ಆ ಕಥೆಯನ್ನು ಮೊಬೈಲಿನಲ್ಲಿ ಹಿಡಿದಿಡಲು ಕೂತೆ. ದನಿ ಚೊಕ್ಕವಾಗಿ ಬರಲೆಂದು ಫ್ಯಾನ್ ಆರಿಸಿದೆ. ಮಗಳಿಗೆ, “ಇವತ್ತು ಹೂಂ ಗೀಂ ಏನೂ ಬೇಡ, ಬಾಯ್ಮುಚ್ಕೊಂಡು ಕೂತ್ಕೋ” ಎಂದು ಮೊದಲೇ ಗದರಿದ್ದೆ.

ಗುಬ್ಬಿ ಹೊಳೆಯ ದಡಕ್ಕೆ ಬಂತು. “ನನ್ನ ದನಿ ಕೊಡು” ಎಂದಿತು. ಅಷ್ಟೇ, ಕಥೆ ನಿಂತಿತು. ಬೆರಳೂ ನಿಂತಿತು. ನಾನು ಕಾದೆ, ಕಾದೆ. ಕೊನೆಗೆ ಕೇಳಿಯೇಬಿಟ್ಟೆ:

“ಮರ್ತುಹೋಯ್ತಾ ದೊಡ್ಡಮ್ಮ?”

ಅವರು ಕಣ್ಣು ತೆರೆದರು. “ಎಂತ ಮರೆಯುವುದು? ಹೂಂ ಹೇಳುವವರೇ ಇಲ್ಲ. ನೀವೆಲ್ಲ ಎದ್ದು ಹೋದಿರಿ ಅಂತ ಎಣಿಸಿದೆ ನಾನು.”

ಮತ್ತೆ ಎಷ್ಟು ಗೋಗರೆದರೂ ಮುಂದುವರಿಸಲಿಲ್ಲ. “ತುಂಬಕ್ಕೆ ಬನ್ನಿ, ಬಾಕಿ ಅಲ್ಲಿ ಹೇಳ್ತೇನೆ” ಎಂದರು. ಅದು ಕೋಪವೋ, ನೋವೋ, ತಮಾಷೆಯೋ, ನನಗೆ ಇವತ್ತಿಗೂ ತಿಳಿದಿಲ್ಲ.

ಇವತ್ತು ನಾಳೆ ಎನ್ನುತ್ತ ನಾವು ಹೋಗಲೇ ಇಲ್ಲ. ಎರಡು ತಿಂಗಳಿಗೆ ಅವರು ತೀರಿಕೊಂಡ ಸುದ್ದಿ ಬಂತು. ವೈಟ್ಟಿಲ ಬಸ್ ನಿಲ್ದಾಣದಲ್ಲಿ ಬಸ್ಸು ಹತ್ತಿ ತುಂಬಕ್ಕೆ ಹೋದೆವು. ಅವರ ಮಗಳು ನನ್ನ ಕೈ ಹಿಡಿದುಕೊಂಡು, “ಅಮ್ಮ ಕೊನೆಗೆ ಒಂದು ಗುಬ್ಬಿಯ ಸುದ್ದಿಯೇ ಹೇಳ್ತಿದ್ರು. ಅರ್ಧಕ್ಕೆ ನಿಲ್ಲಿಸ್ತಿದ್ರು. ನನಗೆ ಒಂದೂ ಅರ್ಥ ಆಗ್ಲಿಲ್ಲ. ನಿಮಗೆ ಗೊತ್ತುಂಟಾ?” ಎಂದು ಕೇಳಿದರು. ಕೊನೆ ಗೊತ್ತಿದ್ದರೆ ತಾನೇ ಹೇಳುವುದು! ಅವತ್ತು ಮೊಬೈಲಿನಲ್ಲಿ ಹಿಡಿದಿಟ್ಟಿದ್ದನ್ನು ಹಾಕಿದೆ.

“ನನ್ನ ದನಿ ಕೊಡು” ಎಂದಿತು ಗುಬ್ಬಿ. ಆಮೇಲೆ ಬರೀ ಮೌನ.

“ಹೂಂ” ಎಂದಳು ನನ್ನ ಮಗಳು, ಮೊಬೈಲಿನತ್ತ ಬಾಗಿ. ಸ್ವಲ್ಪ ಕಾದು, ಇನ್ನೂ ಗಟ್ಟಿಯಾಗಿ, “ಹೂಂ.”

ಮೊಬೈಲಿನಿಂದ ಬಂದದ್ದು ನನ್ನದೇ ದನಿ: “ಮರ್ತುಹೋಯ್ತಾ ದೊಡ್ಡಮ್ಮ?”

ನಾಚಿಕೆಯಿಂದ ಸತ್ತೇಹೋದೆ. ಮಗಳು ನನ್ನನ್ನೇ ನೋಡಿದಳು.

“ಹೂಂ ಹೇಳ್ಬೇಕಿತ್ತು ಅಮ್ಮ” ಎಂದಳು, ಥೇಟ್ ದೊಡ್ಡಮ್ಮನ ಕನ್ನಡದಲ್ಲಿ.

ನನ್ನ ಬಾಯಿಂದ ಹೊರಟದ್ದೂ ಅದೊಂದೇ. “ಹೂಂ” ಎಂದೆ.