ಜೊತೆ ಬೇಡವೆಂದ ಪಿಚ್ಚರು

ಹೋದ ತಿಂಗಳು ಬೆಳಗಾವಿಯ ಶಿವಬಸವ ನಗರದ ನಮ್ಮ ಓಣಿಯಲ್ಲಿ ಒಂದು ಹೊಸ ಮನೆಯ ವಾಸ್ತುಶಾಂತಿ ಇತ್ತು. ಸುಡುಬಿಸಿಲು. ಬಾಗಿಲ ಬಳಿ ಚಪ್ಪಲಿಗಳು ರಾಶಿ ಬಿದ್ದು ಕಾಯುತ್ತಿದ್ದವು. ಒಳಗಿನಿಂದ ಯಾರೋ ಆರತಿ ತಟ್ಟೆ ಹಿಡಿದು ಹೊಸ್ತಿಲಿಗೆ ಬಂದರು. ಕರ್ಪೂರದ ವಾಸನೆ, ಕಾದ ರಬ್ಬರಿನ ವಾಸನೆ ಎರಡೂ ಒಟ್ಟಿಗೆ ಮೂಗಿಗೆ ಬಡಿದವು ನೋಡಿ, ನನ್ನ ಕೈಕಾಲು ತಣ್ಣಗಾದವು. ಮನೆಯೊಡತಿ "ಬಿ.ಪಿ. ಇರಬೇಕ್ರಿ, ಕುಂದರ್ರಿ" ಎಂದು ಕುರ್ಚಿ ಹಾಕಿ ನಿಂಬೆ ಶರಬತ್ತು ತಂದುಕೊಟ್ಟರು. ನನಗೆ ಬಿ.ಪಿ. ಇಲ್ಲ. ಇರುವುದು ಖಾನಾಪುರದ ಒಂದು ತಗಡಿನ ಟಾಕೀಸು, ನಲವತ್ತು ವರ್ಷಕ್ಕೂ ಹಿಂದಿನದು, ಮತ್ತು ಅದರ ಟಾಂಗಾದಲ್ಲಿ ಮೈಕು ಹಿಡಿದು ಬರುತ್ತಿದ್ದ ಒಬ್ಬ ಮನುಷ್ಯ.

ಊರಿಗೆಲ್ಲ ಆತ ಮೈಕಿನ ಕಾಕಾ. ಹೊಸ ಪಿಚ್ಚರು ಬಂದಾಗ ಟಾಂಗಾದ ಎರಡೂ ಬದಿಗೆ ಬಣ್ಣದ ಹಲಗೆ ಕಟ್ಟಿಕೊಂಡು ಓಣಿ ಓಣಿ ತಿರುಗುತ್ತಿದ್ದ. ನಮ್ಮ ಓಣಿಯಲ್ಲಿ ಕನ್ನಡ, ತಿರುವು ದಾಟಿದರೆ ಮರಾಠಿ. ತಲೆಯ ಮೇಲೆ ಬಿಳಿ ಟೋಪಿ, ಮೈಮೇಲೆ ಮಾಂಸವಿಲ್ಲ, ಗಂಟಲು ಮಾತ್ರ ಗಂಟೆ. ಮೈಕಿನಲ್ಲಿ ಹೇಳುವುದು ಮಾಲೀಕರ ಮಾತು. ಅದು ಮುಗಿದ ಮೇಲೆ ಮೈಕು ಬಂದ್ ಮಾಡಿ ಟಾಂಗಾ ನಿಲ್ಲಿಸುತ್ತಿದ್ದ. ಆಗ ಹೆಂಗಸರೆಲ್ಲ ಬಾಗಿಲಿಗೆ ಬರುತ್ತಿದ್ದರು, ಯಾಕೆಂದರೆ ಇನ್ನು ಹೇಳುವುದು ಆತನದೇ ಮಾತು.

"ಕಾಕಾ, ಎಷ್ಟ ಜೊತಿ?" ಎಂದು ಅವ್ವ ಕೇಳುವಳು.

ಈ ಜೊತೆಯ ಲೆಕ್ಕ ತಿಳಿಯದವರಿಗೆ ಹೇಳುತ್ತೇನೆ. ಆಗ ಪಾಯಖಾನೆ ಹಿತ್ತಲಿನ ತುದಿಯಲ್ಲಿರುತ್ತಿತ್ತು. ದೆವ್ವದ ಪಿಚ್ಚರು ನೋಡಿ ಬಂದ ಮೇಲೆ ಕತ್ತಲಲ್ಲಿ ಅಲ್ಲಿಗೆ ಹೋಗಲು ಎಷ್ಟು ಜನ ಜೊತೆಗೆ ಬೇಕೋ ಅಷ್ಟು ಜೊತೆಯ ಪಿಚ್ಚರು ಅದು. ಬರೀ ದೆವ್ವವಿದ್ದರೆ ಒಂದು ಜೊತೆ. ಬೆರಕೆ ಪಿಚ್ಚರುಗಳಿಗೆ ಕಾಕಾನ ಬೇರೆಯೇ ಶಾಸ್ತ್ರವಿತ್ತು. "ದೆವ್ವದ ಸಂಗಾಟ ಖೂನಿ ಸೇರಿದ್ರ ಇಬ್ಬರು ಬೇಕ್ರಿ ಅಕ್ಕಾರ. ದೆವ್ವಕ್ಕ ಅಂಜಿ ಹೊರಗ ಓಡಿದ್ರ, ಹೊರಗ ಖೂನಿ ಮಾಡಾಂವ ನಿಂತಿರ್ತಾನ." ನಗಿಸುವವರು ಸೇರಿಕೊಂಡಿದ್ದರೆ ಅರ್ಧ ಜೊತೆ ಕಡಿತ. ಒಂದೂವರೆ ಜೊತೆ ಎಂದರೆ ಒಬ್ಬರು ದೊಡ್ಡವರು, ಒಂದು ಮಗು. ಹಾವು ಹೆಣ್ಣಾಗಿ ಬಂದು ಸೇಡು ತೀರಿಸಿಕೊಳ್ಳುವ ಪಿಚ್ಚರಿನೊಳಗೆ ಒಬ್ಬ ಡಾಕ್ಟರನ ಪ್ರಯೋಗಶಾಲೆಯನ್ನೂ ತುರುಕಿದ್ದರಂತೆ. ಅದಕ್ಕೆ ಕಾಕಾ "ಹಾವಿಗಿ ಒಂದ ಜೊತಿ. ಡಾಕ್ಟರಗ ಏನೂ ಇಲ್ಲ, ಅಂವಾ ತಾನ ಹಾವಿಗಿ ಅಂಜತಾನ" ಎಂದಿದ್ದ. ಈಗ ನನ್ನ ಮಗಳು ಮೊಬೈಲಿನಲ್ಲಿ ಹಾರರ್ ಕಾಮಿಡಿ, ಹಾರರ್ ಥ್ರಿಲ್ಲರ್ ಎಂದು ನಕ್ಷತ್ರ ನೋಡಿ ಆರಿಸುತ್ತಾಳೆ. ಮೂರೂವರೆ ನಕ್ಷತ್ರವೆಂದರೆ ಎಷ್ಟು ಹೆದರಿಕೆ ಎಂದು ಅವಳಿಗೂ ಗೊತ್ತಿಲ್ಲ, ನಕ್ಷತ್ರ ಕೊಟ್ಟವನಿಗೂ ಗೊತ್ತಿರಲಿಕ್ಕಿಲ್ಲ.

ಕಾಕಾ ನೋಡದೆ ಹೇಳುತ್ತಿರಲಿಲ್ಲ. ಬೆಳಗಾವಿಯಲ್ಲಿ ಓಡಿದ ಪಿಚ್ಚರು ಖಾನಾಪುರಕ್ಕೆ ಬರಲು ತಿಂಗಳುಗಳೇ ಹಿಡಿಯುತ್ತಿದ್ದವು. ಅಷ್ಟರಲ್ಲಿ ಆತ ಒಂದು ರವಿವಾರ ರೈಲು ಹತ್ತಿ ಬೆಳಗಾವಿಗೆ ಹೋಗಿ, ಮ್ಯಾಟಿನಿ ನೋಡಿ, ಸಂಜೆಯ ಪ್ಯಾಸೆಂಜರಿಗೆ ಮರಳುತ್ತಿದ್ದ. ಆತನ ಮಾತನ್ನು ನಂಬಿ ಬಸುರಿಯರು, ಎಳೆಕೂಸಿನ ತಾಯಂದಿರು ಟಾಕೀಸಿಗೆ ಹೋಗುತ್ತಿದ್ದರು, ಇಲ್ಲವೇ ಮನೆಯಲ್ಲಿ ಉಳಿಯುತ್ತಿದ್ದರು. ಆ ಮಾತು ಒಮ್ಮೆಯೂ ತಪ್ಪಿರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಹೊತ್ತು. ನಾನಾಗ ಆರನೇ ಇಯತ್ತೆಯ ಹುಡುಗಿ. ನಮ್ಮ ಆಯಿಗೆ, ಅಂದರೆ ಅಪ್ಪನ ತಾಯಿಗೆ, ದಮ್ಮಿನ ಕಾಯಿಲೆ. ಅವಳ ಗುಳಿಗೆ ಸಿಗುತ್ತಿದ್ದುದು ಬೆಳಗಾವಿಯ ನೆಹರು ನಗರದ ಒಂದು ಔಷಧದಂಗಡಿಯಲ್ಲಿ ಮಾತ್ರ. ಆ ವಾರ ಗುಳಿಗೆ ತೀರಿತ್ತು. ಆಯಿ ಕುಳಿತಲ್ಲೇ ಉಸಿರೆಳೆಯುತ್ತಿದ್ದಳು. ಅವ್ವ ಡಾಕ್ಟರ ಚೀಟಿಯನ್ನು ನನ್ನ ಕೈಗಿಟ್ಟು, "ಕಾಕಾ ನಾಳಿ ಬೆಳಗಾವಿಗಿ ಹೊಂಟಾನಂತ, ಕೊಟ್ಟ ಬಾ" ಎಂದಳು. ಟಾಂಗಾದ ಹತ್ತಿರ ಓಡಿಹೋಗಿ ಕೊಟ್ಟವಳು ನಾನೇ.

ರವಿವಾರ ಸಂಜೆ ಆತ ಗುಳಿಗೆಯ ಪೊಟ್ಟಣ ಹಿಡಿದು ನಮ್ಮ ಹಿತ್ತಲ ಬಾಗಿಲಿಗೆ ಬಂದ. ಹೋಗುವ ರೈಲು ಮುಟ್ಟುವುದೇ ಮ್ಯಾಟಿನಿಯ ಹೊತ್ತಿಗೆ, ಟಾಕೀಸೆಲ್ಲಿ, ನೆಹರು ನಗರವೆಲ್ಲಿ. ಪೂರ್ತಿ ನೋಡಿ ಅಲ್ಲಿಗೆ ಹೋದರೆ ರೈಲು ತಪ್ಪುತ್ತಿತ್ತು. "ಇಂಟರ್ವಲ್ಲಿಗೆ ಎದ್ದ ಬಂದ್ನಿರಿ ಅಕ್ಕಾರ. ದೇವಿ ಪಿಚ್ಚರ್. ಮುಂದೇನ ಆಕ್ಕೈತಿ, ದೇವಿ ಪ್ರತ್ಯಕ್ಷ ಆಗ್ತಾಳ, ಪಾಪಿಗೋಳ ಕಾಲಿಗಿ ಬೀಳ್ತಾವ" ಎಂದು ನಕ್ಕ. ಅವ್ವನೂ ನಕ್ಕಳು. ಆ ರಾತ್ರಿ ಆಯಿ ಬಹಳ ದಿನಗಳ ಮೇಲೆ ಮಲಗಿ ನಿದ್ದೆ ಮಾಡಿದಳು.

ಪಿಚ್ಚರು ಖಾನಾಪುರಕ್ಕೆ ಬಂದಾಗ ಟಾಂಗಾ ನಮ್ಮ ಓಣಿಯಲ್ಲಿ ನಿಂತಿತು. ಅವ್ವ ಎಂದಿನಂತೆ ಕೇಳಿದಳು. "ಇದಕ್ಕ ಜೊತಿ ಬ್ಯಾಡ್ರಿ. ಹಸುಗೂಸು ಕರ್ಕೊಂಡ ಬರ್ರಿ, ಪುಣ್ಯಾ ಬರ್ತೈತಿ" ಎಂದ ಕಾಕಾ. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದ ನನ್ನ ಅತ್ತೆ, ಅಪ್ಪನ ತಂಗಿ, ಆಗ ಏಳು ತಿಂಗಳ ಬಸುರಿ. ದೇವಿಯ ದರ್ಶನವಾದರೆ ಕೂಸಿಗೂ ಒಳ್ಳೆಯದೆಂದು ಆಯಿಯೇ ಅವಳನ್ನು ನನ್ನ ಜೊತೆ ಶುಕ್ರವಾರದ ಹೆಂಗಸರ ಮ್ಯಾಟಿನಿಗೆ ಕಳಿಸಿದಳು.

ದೇವರ ಪಿಚ್ಚರಿಗೆ ಹೋದರೆ ಆಗ ಯಾರೂ ಚಪ್ಪಲಿ ಮೆಟ್ಟಿ ಕೂರುತ್ತಿರಲಿಲ್ಲ. ಹೊರಗೆ ಬಿಟ್ಟರೆ ಕಳವಾಗುತ್ತವೆಂದು ಬಾಗಿಲಿಗೂ ಅದರ ಒಳಗೆ ಇಳಿಬಿಟ್ಟ ಕಪ್ಪು ಪರದೆಗೂ ನಡುವಿನ ಇಕ್ಕಟ್ಟಿನಲ್ಲಿ ಬಿಡುತ್ತಿದ್ದರು. ಅವತ್ತು ಅಲ್ಲಿ ಮೊಣಕಾಲೆತ್ತರ ರಾಶಿ. ತೆರೆಯ ಮುಂದೆ ಕಾಯಿ ಒಡೆದರು, ಆರತಿ ಎತ್ತಿದರು. ದೇವಿ ತೆರೆಯ ಮೇಲೆ ಬಂದಾಗಲೆಲ್ಲ ಕೈಮುಗಿದರು. ಬಾಗಿಲು ಹಾಕಿತ್ತು. ತಗಡು ಕಾದಿತ್ತು. ಕರ್ಪೂರದ ಹೊಗೆ, ರಬ್ಬರಿನ ವಾಸನೆ, ಬೆವರು... ಅರ್ಧದವರೆಗೆ ಅದು ನಿಜಕ್ಕೂ ದೇವಿಯ ಪಿಚ್ಚರು.

ಇಂಟರ್ವಲ್ಲಿನ ಮೇಲೆ ಗುಡಿಯ ಪೂಜಾರಿ ಏನೋ ಪಾಪ ಮಾಡಿದ. ಮೂರ್ತಿ ಮೆಲ್ಲಗೆ ನಮ್ಮ ಕಡೆ ತಿರುಗಿತು. ಅದೇ ಮುಖ. ನಾವು ಆಗತಾನೇ ಆರತಿ ಎತ್ತಿದ ಮುಖ. ಕಣ್ಣಲ್ಲಿ ಮಾತ್ರ ಗುಡ್ಡೆ ಇರಲಿಲ್ಲ. ಹಣೆಯ ಕುಂಕುಮ ಕರಗಿ ಬಾಯಿಗೆ ಇಳಿಯಿತು, ಅದು ನಾಲಗೆ ಚಾಚಿ ನೆಕ್ಕಿತು. ಆಮೇಲೆ ತಾಯಿ ಮಗುವನ್ನು ಕರೆಯುವ ದನಿಯಲ್ಲಿ, "ಬಾ ಮಗಳೇ" ಎಂದಿತು. ದೆವ್ವವೆಂದು ಗೊತ್ತಿದ್ದು ದೆವ್ವವನ್ನು ನೋಡುವುದು ಬೇರೆ. ಇಲ್ಲಿ ನಾವು ಕಾಯಿ ಒಡೆದಿದ್ದು ಯಾರಿಗೆ? ನನ್ನ ಹಣೆಯ ಮೇಲಿದ್ದ ಕುಂಕುಮ ಉರಿಯತೊಡಗಿತು. ಸೆರಗಿನಿಂದ ಹಣೆ ಒರೆಸಿಕೊಳ್ಳುತ್ತಿದ್ದ ಹೆಂಗಸರು ಅತ್ತಿತ್ತ ಕಾಣುತ್ತಿದ್ದರು. ಅಷ್ಟರಲ್ಲಿ ಮುಂದಿನ ಸಾಲಿನ ಒಬ್ಬ ಮುದುಕಿಗೆ ಮೈಮೇಲೆ ದೇವರು ಬಂತು. ಅವಳು ಕೂದಲು ಬಿಚ್ಚಿಕೊಂಡು ಎದ್ದು ನಮ್ಮ ಕಡೆ ತಿರುಗಿದಳು. ಹೆದರುವವರ ಮೇಲೆ ಹಾವು ಬಿಟ್ಟಂತಾಯಿತು.

ಎಲ್ಲರೂ ಒಮ್ಮೆಲೇ ಎದ್ದರು. ನಾನು ಅತ್ತೆಯ ಕೈ ಹಿಡಿದಿದ್ದೆ. ಬಾಗಿಲು ಒಳಕ್ಕೆ ತೆರೆಯುವಂಥದ್ದು. ನೂಕಾಟಕ್ಕೆ ಬುಡಕ್ಕೆ ಒತ್ತಿಕೊಂಡ ಚಪ್ಪಲಿ ರಾಶಿಗೆ ಸಿಕ್ಕು ಅದು ಒಂದು ಗೇಣು ತೆರೆದು ನಿಂತುಬಿಟ್ಟಿತು. ಬರಿಗಾಲುಗಳು ರಾಶಿಯ ಮೇಲೆ ಜಾರಿದವು, ಬಿದ್ದವರ ಮೇಲೆ ಬಿದ್ದರು. ಹಿಂದಿನಿಂದ ಆ ದನಿ ಇನ್ನೂ ಮಗಳೇ ಮಗಳೇ ಎಂದು ಕರೆಯುತ್ತಿತ್ತು. ಅತ್ತೆಯ ಕೈ ನನ್ನ ಕೈಯಿಂದ ಜಾರಿತು... ಜಾರಿತೋ, ಬಾಗಿಲಿನ ಬೆಳಕು ಕಂಡು ನಾನೇ ಬಿಟ್ಟೆನೋ. ಇದನ್ನು ನಾನು ಇಷ್ಟು ವರ್ಷದಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ.

ಕಾಲ್ತುಳಿತಕ್ಕೆ ಸಿಕ್ಕ ಅತ್ತೆಯನ್ನು ಬಾಡಿಗೆ ಕಾರಿನಲ್ಲಿ ಬೆಳಗಾವಿಗೆ ಕರೆದೊಯ್ದರು. ಅತ್ತೆ ಉಳಿದಳು. ಕೂಸು ಉಳಿಯಲಿಲ್ಲ. ಮುಂದೆ ಅವಳಿಗೆ ಮಕ್ಕಳೂ ಆಗಲಿಲ್ಲ.

ಮರುದಿನ ಬೆಳಿಗ್ಗೆ ಗಂಡಸರು ಕಾಕಾನ ಟಾಂಗಾವನ್ನು ನಮ್ಮ ಮನೆಯ ಮುಂದೆಯೇ ತಡೆದು ನಿಲ್ಲಿಸಿದರು. ಮಾಲೀಕನ ಮಾತು ಕೇಳಿ ಬೇಕೆಂತಲೇ ಸುಳ್ಳು ಹೇಳಿದ್ದಾನೆ ಎಂದು ಊರಿಗೆ ಊರೇ ತೀರ್ಮಾನಿಸಿತ್ತು. ಕಾಕಾ ಇಳಿದು ಟೋಪಿ ತೆಗೆದು ಕೈಯಲ್ಲಿ ಹಿಡಿದ. ನಾನೂ ಅವ್ವನೂ ಕಿಟಕಿಯಲ್ಲಿದ್ದೆವು. ನಮ್ಮ ಹಿಂದೆ ಮಂಚದ ಮೇಲೆ ಆಯಿ ಅಳುತ್ತಿದ್ದಳು.

"ಪೂರಾ ನೋಡಿದ್ದ್ಯೋ ಇಲ್ಲೋ?" ಎಂದ ಅಪ್ಪ.

"ಇಲ್ರಿ ಸಾವಕಾರ್ರ. ಅರ್ಧಕ್ಕ ಎದ್ದ ಬಂದ್ನಿ. ತಪ್ಪ ನಂದ."

"ಯಾಕ ಎದ್ದ ಬಂದಿ?"

ಗುಳಿಗೆ ಯಾರು ತಂದರು, ಯಾವಾಗ ತಂದರು ಎಂದು ಅಪ್ಪ ಎಂದೂ ಕೇಳಿದವನಲ್ಲ. ಆ ಕಾಲದ ಗಂಡಸರು ಮುಂದಿದ್ದ ತಾಟಿನ ರೊಟ್ಟಿ ಎಲ್ಲಿಂದ ಬಂತೆಂದೂ ಕೇಳುತ್ತಿರಲಿಲ್ಲ. ಕಾಕಾ ತಲೆಯೆತ್ತಿ ಕಿಟಕಿಯ ಕಡೆ ನೋಡಿದ. ಅವ್ವನನ್ನು ನೋಡಿದ, ಒಳಗಿನಿಂದ ಬರುತ್ತಿದ್ದ ಆಯಿಯ ಉಬ್ಬಸ ಕೇಳಿಸಿಕೊಂಡ. ಈಗ ಹೇಳುತ್ತಾನೆ, ಈಗ ಹೇಳುತ್ತಾನೆ...

"ಬ್ಯಾಸರಾತ್ರಿ" ಎಂದ.

ಅಪ್ಪ ಆತನ ಕಪಾಳಕ್ಕೆ ಹೊಡೆದ. ಬೇಸರವಾಯಿತೆಂದು ಎದ್ದು ಬಂದವನ ಮಾತಿಗೆ ಒಂದು ಕೂಸು ಹೋಯಿತೆಂದರೆ ಯಾರಿಗೆ ತಡೆದೀತು. ಟೋಪಿ ಮಣ್ಣಿಗೆ ಬಿತ್ತು. ಕಾಕಾ ಅದನ್ನು ಎತ್ತಿಕೊಂಡು ಟಾಂಗಾ ಹತ್ತದೆ ನಡೆದುಹೋದ. ಮತ್ತೆ ಖಾನಾಪುರದಲ್ಲಿ ಆತ ಮೈಕು ಹಿಡಿಯಲಿಲ್ಲ.

ಅವ್ವ ನನ್ನ ರಟ್ಟೆ ಹಿಡಿದು ಅಡುಗೆಮನೆಗೆ ಎಳೆದೊಯ್ದಳು. "ಆಯಿಗಿ ತಿಳದ್ರ ಆಕಿ ಇನ್ನ ಗುಳಿಗಿ ಮುಟ್ಟೂದಿಲ್ಲ. ಮಗಳ ಕೂಸ ನನ್ನಿಂದ ಹೋತು ಅಂತ ದಮ್ಮ ಹತ್ತಿ ಸಾಯ್ತಾಳ. ಬಾಯಿ ಮುಚ್ಚಿಕೊಂಡ ಇರು" ಎಂದಳು. ನಾನು ಮುಚ್ಚಿಕೊಂಡೆ. ಬಿಸಿ ತುಪ್ಪ, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಆಯಿ ಮುಂದೆ ಎಂಟು ವರ್ಷ ಬದುಕಿದಳು. ದಿನಾ ಸಂಜೆ ಗುಳಿಗೆ ಅಂಗೈಯಲ್ಲಿಟ್ಟುಕೊಂಡು ಮೊದಲು ಆ ಮೈಕಿನವನಿಗೆ ಶಾಪ ಹಾಕುವಳು, ಆಮೇಲೆ ನುಂಗುವಳು. ನೀರಿನ ಲೋಟ ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದವಳು ನಾನು. ಯಾವ ಪಿಚ್ಚರಿನ ದೆವ್ವಕ್ಕೂ ನಾನು ಆ ಸಂಜೆಗಳಿಗೆ ಹೆದರಿದಷ್ಟು ಹೆದರಿಲ್ಲ.

ಎಂಬತ್ತರ ದಶಕದ ಕೊನೆಗೆ ನಾನು ಬೆಳಗಾವಿಯ ಕಾಲೇಜಿಗೆ ರೈಲಿನಲ್ಲಿ ಹೋಗಿಬರುತ್ತಿದ್ದೆ. ಒಂದು ದಿನ ದೇಸೂರ ಸ್ಟೇಷನ್ನಿನಲ್ಲಿ ಪೇರಲ ಹಣ್ಣಿನ ಬುಟ್ಟಿ ಹೊತ್ತು ಒಬ್ಬ ಮುದುಕ ಕಿಟಕಿಗೆ ಬಂದ. ದನಿ ಎಷ್ಟು ಸಣ್ಣದಾಗಿತ್ತೆಂದರೆ ನಾನು ಗುರುತು ಹಿಡಿದದ್ದು ಟೋಪಿಯಿಂದ. ಆತನೂ ನನ್ನನ್ನು ಗುರುತಿಸಿದ.

"ಆಯಿ ಹೆಂಗ ಅದಾರವಾ?"

"ತೀರಿಕೊಂಡು ಎರಡ ವರ್ಷ ಆತ್ರಿ ಕಾಕಾ."

ಬುಟ್ಟಿ ಕೆಳಗಿಳಿಸಿ ಕೇಳಿದ. "ಗುಳಿಗಿ ತಪ್ಪಿಸಲಿಲ್ಲಲಾ?"

"ಇಲ್ರಿ. ಕಡೀತನಕಾ ತೊಗೊಂಡ್ರು."

"ಛಲೋ ಆತು" ಎಂದ. ರೈಲು ಹೊರಟಿತು. ಇನ್ನು ಅಪ್ಪನಿಗೆ ಹೇಳಿಬಿಡುತ್ತೇನೆ ಕಾಕಾ ಎನ್ನಬೇಕೆಂದಿದ್ದೆ, ಅನ್ನಲಿಲ್ಲ. ಆಯಿ ಹೋದ ಮೇಲೆ ಬಾಯಿ ಮುಚ್ಚಿಕೊಂಡಿರಲು ಕಾರಣವೇ ಇರಲಿಲ್ಲ. ಆದರೆ ಅತ್ತೆ ಇದ್ದಳು. ಅವಳು ಅವ್ವನ ಮುಖ ನೋಡುವುದು ಬಿಟ್ಟಾಳು, ನನ್ನ ಮುಖವನ್ನೂ... ಕೆಲವು ವರ್ಷಗಳ ಮೇಲೆ ಕಾಕಾ ಹೋದನೆಂದು ದೇಸೂರಿನವರೊಬ್ಬರು ಹೇಳಿದರು. ಆಮೇಲೆ ಅಪ್ಪ, ಅವ್ವ. ನನ್ನೊಬ್ಬಳಿಗೆ ಗೊತ್ತಿರುವ ಮಾತಾಗಿ ಅದು ಉಳಿಯಿತು.

ವಾಸ್ತುಶಾಂತಿಯ ಮನೆಯಿಂದ ಬಂದು ಇದನ್ನು ಬರೆಯಲು ಕುಳಿತೆ. ಅತ್ತೆ ಈಗ ನೆಹರು ನಗರದಲ್ಲಿ ಮೈದುನನ ಸಂಸಾರದ ಜೊತೆ ಇದ್ದಾಳೆ. ಎಪ್ಪತ್ತರ ಹತ್ತಿರ. ನಾನು ಬರೆದದ್ದು ಎಲ್ಲಿ ಅಚ್ಚಾದರೂ ಕನ್ನಡಕ ಏರಿಸಿ ಓದುತ್ತಾಳೆ, ಫೋನು ಮಾಡಿ ತಪ್ಪು ಎತ್ತಿ ತೋರಿಸುತ್ತಾಳೆ. ಮೈಕಿನ ಸದ್ದು ಕೇಳಿದರೆ ಇವತ್ತಿಗೂ ಕಿಟಕಿ ಮುಚ್ಚಿಸುತ್ತಾಳೆ. ಎದುರು ಕುಳಿತು ಹೇಳುವ ಧೈರ್ಯ ನನಗೆ ಬರಲಿಲ್ಲ, ಇನ್ನು ಬರುವುದೂ ಇಲ್ಲ. ಓದಿ ಮುಗಿಸಿ ಅವಳು ಫೋನು ಮಾಡುತ್ತಾಳೋ, ಇನ್ನೆಂದೂ ಮಾಡುವುದಿಲ್ಲವೋ, ಈ ಸಾಲು ಬರೆಯುವಾಗಲೂ ನನಗೆ ಗೊತ್ತಿಲ್ಲ.

ಅಂವ ಸುಳ್ಳ ಹೇಳಿರಲಿಲ್ಲ ಅತ್ತಿ. ನಮ್ಮ ಆಯಿ ಗುಳಿಗಿ ತರಾಕ ಹೋಗಿದ್ದ.