ಅರವತ್ಮೂರು ನಂಬರಿನ ಗಾಡಿ ನಿಂತಾಗ

2008ನೇ ಇಸವಿ. ಗಜೇಂದ್ರಗಡದ ಬಸ್ ಸ್ಟ್ಯಾಂಡಿನ ಎದುರು ಸಾಲಿನಲ್ಲಿ ನನ್ನದೊಂದು ಸಣ್ಣ ಅಂಗಡಿ ಇತ್ತು. ಮೊದಲು ಅದು ಎಸ್‌ಟಿಡಿ ಬೂತ್. ಎಲ್ಲರ ಜೇಬಿಗೂ ಮೊಬೈಲ್ ಬಂದ ಮೇಲೆ ಆ ಗಾಜಿನ ಡಬ್ಬಿಯೊಳಗೆ ಕಾಲಿಡುವವರೇ ಇಲ್ಲದಂತಾಯಿತು. ನಾನು ಏಳನೇ ಇಯತ್ತೆಗೆ ಸಾಲಿ ಬಿಟ್ಟವನು. ಅಪ್ಪ ತೀರಿಕೊಂಡಾಗ ಅವ್ವ ಮತ್ತು ತಂಗಿ ಶಾಂತಾಳ ಹೊಣೆ ನನ್ನ ಮೇಲೆ ಬಿತ್ತು. ಟೆಂಪೋದಲ್ಲಿ ಕ್ಲೀನರ್ ಆಗಿ, ಡ್ರೈವರ್ ಆಗಿ, ಯಾರ ಮುಂದೂ ಕೈಯೊಡ್ಡದೆ ಮಾಡಿಕೊಂಡ ಅಂಗಡಿ ಅದು. ಮುಚ್ಚಲು ಮನಸ್ಸು ಬರಲಿಲ್ಲ. ಗಾಜಿನ ಡಬ್ಬಿ ಕಿತ್ತು ಹಾಕಿಸಿ, ಕಂಪ್ಯೂಟರ್ ಇಟ್ಟು, ಇಂಟರ್‌ನೆಟ್ ತೆಗೆದುಕೊಂಡು ಸೈಬರ್ ಕೆಫೆ ಮಾಡಿದೆ.

ನನ್ನ ಜೊತೆ ಟೆಂಪೋ ಓಡಿಸುತ್ತಿದ್ದ ರಾಜೇಸಾಬ ರೋಣದಲ್ಲಿ ಇಂಥದೇ ಅಂಗಡಿ ಇಟ್ಟಿದ್ದ. ನರಗುಂದದಲ್ಲಿ ಅವನ ಷಡ್ಡಕನದೊಂದು. ಆಗ ಹುಡುಗರು ಹುಚ್ಚು ಹಿಡಿದು ಆಡುತ್ತಿದ್ದದ್ದು ಒಂದು ಕಾರ್ ರೇಸಿನ ಆಟ. ಕಾರುಗಳು ನೋಡಲು ನಮ್ಮ ನಿಮ್ಮ ಕಾರಿನ ಹಾಗೆಯೇ ಇರುತ್ತವೆ, ಬಾಗಿಲ ಮೇಲೆ ಮಾತ್ರ ದೊಡ್ಡದಾಗಿ ನಂಬರ್. ಮೊಟ್ಟೆಯಾಕಾರದ ರಸ್ತೆ, ಎಡಕ್ಕೆ ತಿರುಗಿಸುವುದು ಬಿಟ್ಟರೆ ಬೇರೆ ಇಲ್ಲ. ಮೊದಲ ಸಲ ನೋಡಿದಾಗ ನಾನೇ ಅಂದಿದ್ದೆ, "ಗಾಣದ ಎತ್ತ ತಿರಗಿದಂಗ ತಿರಗೂದು, ಇದೇನ್ ಆಟಲೇ." ಆಮೇಲೆ ಒಂದು ದಿನ ಕುಳಿತು ಓಡಿಸಿದೆ. ಮುಂದಿನ ಕಾರಿನ ಬೆನ್ನಿಗೆ ಅಂಟಿಕೊಂಡು ಹೋದರೆ ಎದುರುಗಾಳಿ ತಾಕುವುದಿಲ್ಲ, ನಮ್ಮ ಕಾರು ತಾನೇ ಹಗುರಾಗಿ ಓಡುತ್ತದೆ. ಸಣ್ಣವರಿದ್ದಾಗ ಹತ್ತಿ ತುಂಬಿದ ಟ್ರ್ಯಾಕ್ಟರಿನ ಹಿಂದೆ ಸೈಕಲ್ ಹೊಡೆದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅವತ್ತಿನಿಂದ ನನಗೂ ಹುಚ್ಚು ಹಿಡಿಯಿತು.

ಮೂರೂ ಊರಿನ ಹುಡುಗರನ್ನು ಇಂಟರ್‌ನೆಟ್ಟಿನ ಮೇಲೆ ಒಂದೇ ರೇಸಿಗೆ ಇಳಿಸಿ ಲೀಗ್ ಮಾಡೋಣ ಎಂದು ಹೇಳಿದ್ದು ರಾಜೇಸಾಬ. ನಡೆಸುವ ಕೆಲಸ ನನ್ನ ತಲೆಗೆ ಬಂತು. ಎಲ್ಲಕ್ಕಿಂತ ಕಷ್ಟವೆಂದರೆ ಮೂರೂ ಊರಿನಲ್ಲಿ ಒಟ್ಟಿಗೆ ಕರೆಂಟ್ ಇರುವ ಹೊತ್ತು ಹುಡುಕುವುದು. ಮದುವೆಯ ಮುಹೂರ್ತಕ್ಕೂ ಅಷ್ಟು ಫೋನ್ ಮಾಡುವುದಿಲ್ಲ. ಕೊನೆಗೆ ಭಾನುವಾರ ಮಧ್ಯಾಹ್ನ ಗಟ್ಟಿಯಾಯಿತು.

ಇನ್ನೊಂದು ತೊಡಕಿತ್ತು. ಯಾರು ಗೆದ್ದರು, ಯಾರಿಗೆ ಎಷ್ಟು ಪಾಯಿಂಟ್ ಎಂದು ಪ್ರತಿ ವಾರ ಅಂಗಡಿಯ ಹೊರಗೆ ಕರಿ ಹಲಗೆಯ ಮೇಲೆ ಬರೆಯುತ್ತೇನೆ ಎಂದಾಗ ಹುಡುಗರು ಹೆದರಿದರು. "ಅಣ್ಣಾರ, ಹೆಸರ ಬರೀಬ್ಯಾಡ್ರಿ. ನಮ್ಮಪ್ಪ ಸಂತಿಗೆ ಬಂದಾಗ ಓದಿದ್ರ ಮನಿಯಾಗ ಹೊಕ್ಕೊಳ್ಳಾಕ ಕೊಡೂದಿಲ್ಲ" ಎಂದರು. ಅದಕ್ಕೆ ಬರೀ ಕಾರಿನ ನಂಬರ್ ಬರೆಯುವುದು, ಹೆಸರನ್ನು ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಬೇರೆ ಊರಿನವರ ಹೆಸರು ನನಗೂ ಗೊತ್ತಿರಲಿಲ್ಲ. ರೋಣದವರು ಯಾರು ಎಂಬುದು ರಾಜೇಸಾಬನಿಗೆ ಗೊತ್ತು, ನರಗುಂದದವರದು ಅವನ ಷಡ್ಡಕನಿಗೆ. ನನ್ನ ಪಾಲಿಗೆ ಅವರು ನರಗುಂದದ ಹದಿನೆಂಟು, ರೋಣದ ಅರವತ್ಮೂರು.

ಕೆಲವು ವಾರ ಕಳೆಯುವಷ್ಟರಲ್ಲಿ ಭಾನುವಾರ ಸಂಜೆ ಹಲಗೆಯ ಮುಂದೆ ಜನ ನಿಲ್ಲತೊಡಗಿದರು. ಹುಡುಗರಲ್ಲ, ದೊಡ್ಡವರು. ಕೈಗಾಡಿಯವರು, ಮಗ್ಗದ ಕೆಲಸ ಮುಗಿಸಿ ಬಂದವರು, ತಲೆಗೆ ಪಟಗಾ ಸುತ್ತಿದ ಮುದುಕರು. ಓದಿ, ಬಾಯೊಳಗೇ ನಂಬರ್ ಅಂದುಕೊಳ್ಳುತ್ತ ಹೋಗುವರು. ನನಗೆ ಎದೆ ಉಬ್ಬಿತು. ನಮ್ಮ ಊರಿಗೂ ರೇಸಿನ ರುಚಿ ಹತ್ತಿತಲ್ಲ ಎಂದುಕೊಂಡು ನಂಬರನ್ನು ಇನ್ನೂ ದೊಡ್ಡದಾಗಿ ಬರೆದೆ, ಮೇಲೊಂದು ಬಲ್ಬೂ ಹಾಕಿಸಿದೆ.

ಆ ನಡುವೆ ಒಂದು ಜಗಳವಾಯಿತು. ಒಂದು ರೇಸಿನ ಕೊನೆಯ ತಿರುವಿನಲ್ಲಿ ರೋಣದ ಅರವತ್ಮೂರು ನರಗುಂದದ ಹದಿನೆಂಟಕ್ಕೆ ಹಿಂದಿನಿಂದ ಗುದ್ದಿ, ಅವನನ್ನು ಗಿರಗಿರ ತಿರುಗಿಸಿ ತಾನು ಗೆದ್ದ. ಆಟದಲ್ಲಿ ನಡೆದ ರೇಸನ್ನು ಮತ್ತೆ ಹಾಕಿ ನೋಡಲು ಬರುತ್ತದೆ. ನಾನು ತಿರುತಿರುಗಿ ನೋಡಿದೆ. ಬೇಕಂತಲೇ ಗುದ್ದಿದ್ದ. ಅವನ ಗೆಲುವು ತೆಗೆದುಹಾಕಿ, ಮುಂದಿನ ವಾರ ಎಲ್ಲರ ಹಿಂದಿನಿಂದ ಹೊರಡಬೇಕೆಂದು ಹೇಳಿದೆ.

ರಾಜೇಸಾಬ ಫೋನ್ ಮಾಡಿದ. "ಈರಣ್ಣಾ, ನಮ್ಮೂರಾಗ ಚಲೋ ಓಡಸಾವ ಅವನೊಬ್ಬನ ಅದಾನ. ನೀ ಹಿಂಗ ಮಾಡಿದ್ರ ರೋಣದಾವ್ರೆಲ್ಲಾ ಬಿಟ್ಟ ಹೋಗ್ತಾರ ನೋಡು."

"ಹೋಗ್ಲಿ ಬಿಡು. ಗುದ್ದಿ ಗೆಲ್ಲಾವ್ರು ಟೆಂಪೋ ಓಡಸ್ಲಿ" ಎಂದೆ.

ಯಾರೂ ಬಿಟ್ಟು ಹೋಗಲಿಲ್ಲ. ಅರವತ್ಮೂರು ಮುಂದಿನ ವಾರ ಸುಮ್ಮನೆ ಎಲ್ಲರ ಹಿಂದೆ ಬಂದು ನಿಂತ. ಆದರೆ ಅವನ ಗೆಲುವು ತೆಗೆದ ದಿನ ಸಂಜೆ ಹಲಗೆಯ ಮೇಲೆ ಅರವತ್ಮೂರನ್ನು ಅಳಿಸುವಾಗ ಒಬ್ಬ ಅಜ್ಜ ಓಡಿ ಬಂದು ನನ್ನ ಕೈ ಹಿಡಿದ. "ಬಂದದ್ದನ್ನ ಅಳಸ್ತೀರೇನ್ರಿ? ನಮ್ಮ ಗತಿ ಏನು?"

"ತಪ್ಪ ಮಾಡ್ಯಾನ್ರಿ ಅಜ್ಜಾರ, ತೆಗೀಲೇಬೇಕು" ಎಂದೆ.

ಅಜ್ಜ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಈ ದಂಧೆದಾಗೂ ನ್ಯಾಯ ಇಟ್ಟೀರಲ್ಲ" ಎಂದು ಹೋದ. ಆ ಮಾತು ನನಗೆ ಶಾಬಾಸ್‌ಗಿರಿಯ ಹಾಗೆ ಕೇಳಿಸಿತು. ದಂಧೆ ಎಂದದ್ದೇಕೆ ಎಂದು ತಲೆ ಕೆಡಿಸಿಕೊಳ್ಳಲಿಲ್ಲ.

ಇದಾದ ಸ್ವಲ್ಪ ದಿನಕ್ಕೆ ರಾಜೇಸಾಬನ ಮೂಲಕವೇ ಶಾಂತಾಳಿಗೆ ಒಂದು ಸಂಬಂಧ ಬಂತು. ರೋಣದಲ್ಲಿ ಗೊಬ್ಬರದ ಅಂಗಡಿ ಇಟ್ಟ ಗುರಪ್ಪನವರ ಮಗ ಬಸವರಾಜ. ಅವ್ವ ದೇವರ ಮುಂದೆ ದೀಪ ಹಚ್ಚಿ ಕೂತುಬಿಟ್ಟಳು. ಅದಕ್ಕೂ ಮುಂಚೆ ಬಂದವರೆಲ್ಲ, ತಂದೆಯಿಲ್ಲದ ಮನೆ ಎಂದೋ ಅಣ್ಣ ಓದಿಲ್ಲ ಎಂದೋ ಚಹಾ ಕುಡಿದು ಹೋಗಿದ್ದರು. ಶಾಂತಾ ಆಮೇಲಾಮೇಲೆ ಚಹಾ ತೆಗೆದುಕೊಂಡು ಹೊರಗೆ ಬರುವಾಗ ನನ್ನ ಮುಖವನ್ನೇ ನೋಡುತ್ತಿರಲಿಲ್ಲ. ಗುರಪ್ಪನವರು ಮಾತ್ರ ಮೊದಲ ದಿನವೇ, "ಈರಣ್ಣಾರ, ದುಡದ ಮನಿ ನಡಸೀರಿ, ಅದಕ್ಕಿಂತ ಏನ ಬೇಕು" ಎಂದರು. ನಿಶ್ಚಯಕ್ಕೆ ದಿನ ಕೂಡ ನೋಡಿದ್ದಾಯಿತು. ಹೆಣ್ಣು ನೋಡಲು ಬಂದ ದಿನ ಬಸವರಾಜ ತಲೆ ತಗ್ಗಿಸಿ ಕೂತಿದ್ದ, ನನ್ನ ಜೊತೆ ಹೆಚ್ಚು ಮಾತಾಡಲಿಲ್ಲ.

ಲೀಗಿನ ಕೊನೆಯ ರೇಸಿನ ಭಾನುವಾರ ಬಂತು. ಅರವತ್ಮೂರು ಮತ್ತು ಹದಿನೆಂಟರ ಪಾಯಿಂಟ್ ಸಮ ಇತ್ತು. ಅಂಗಡಿ ತುಂಬ ಹುಡುಗರು. ರೇಸ್ ಅರ್ಧ ಮುಗಿದಿತ್ತು. ಬಾಗಿಲಲ್ಲಿ ನೆರಳು ಬಿದ್ದಂತಾಗಿ ತಿರುಗಿ ನೋಡಿದರೆ ಗುರಪ್ಪನವರು. ಬಿಳಿ ಧೋತರ, ಕೈಯಲ್ಲಿ ಚೀಲ, ಮುಖ ಬಿಗಿದುಕೊಂಡಿತ್ತು.

"ಬರ್ರಿ ಬರ್ರಿ, ಕುಂದರ್ರಿ" ಎಂದು ಕುರ್ಚಿ ಒರೆಸಿ, ತಂಬಿಗೆಯಲ್ಲಿ ನೀರು ತಂದು ಕೊಟ್ಟೆ. ಅವರು ಕೂಡಲಿಲ್ಲ. ತಂಬಿಗೆ ಮುಟ್ಟಲಿಲ್ಲ. ನಮ್ಮ ಕಡೆ ಮನೆಗೆ ಬಂದ ಬೀಗರು ನೀರು ಮುಟ್ಟಲಿಲ್ಲ ಎಂದರೆ ಸಂಬಂಧ ಮುರಿದ ಹಾಗೆ, ಮಿಕ್ಕ ಮಾತು ಬೇಕಾಗಿಲ್ಲ. ತಂಬಿಗೆಯನ್ನು ಕುರ್ಚಿಯ ಪಕ್ಕ ಇಟ್ಟೆ.

"ಈರಣ್ಣಾ" ಎಂದರು. ಈರಣ್ಣಾರ ಎಂದಿದ್ದವರು ಈರಣ್ಣಾ ಎಂದರು. "ಹೊರಗ ಹಲಗಿ ಮ್ಯಾಲೆ ಬರದದ್ದೇನು?"

"ಗಾಡಿ ನಂಬರ್ರಿ. ಹುಡುಗ್ರ ಆಟದ್ದು."

"ಬಸ್ ಇಳದು ನಿನ್ನ ಅಂಗಡಿ ಎಲ್ಲಿ ಅಂತ ಎಲಿ ಅಡಿಕಿಯಂವನ್ನ ಕೇಳಿದೆ. 'ನಂಬರ್ ಹಚ್ಚತಾನಲ್ಲ ಆ ಈರಣ್ಣನ ಏನ್ರಿ, ಹೋಗ್ರಿ, ಇವತ್ತು ಹದಿನೆಂಟ ಬಂದ್ರೂ ಬರಬಹುದು' ಅಂದ ಅವ. ಮಟಕಾ ನಂಬರ್ ಹಚ್ಚಾವ್ರ ಮನಿ ಹೆಣ್ಣ ನಮಗ ಹ್ಯಾಂಗ ಆಗತೈತಿ?"

ಮಟಕಾ ಜೂಜು ಆಡುವವರಿಗೆ ದಿನಾ ಬೇಕಾದದ್ದು ಎರಡಂಕಿಯ ಒಂದು ನಂಬರ್. ನನ್ನ ಹಲಗೆಯ ಮೇಲಿದ್ದವೆಲ್ಲ ಎರಡಂಕಿಯವೇ, ಹೆಸರು ದಿಕ್ಕಿಲ್ಲದೆ, ಮೇಲೆ ಬಲ್ಬು ಬೇರೆ. ಕೈಗಾಡಿಯವರು, ಆ ಅಜ್ಜ, ದಂಧೆಯಲ್ಲಿ ನ್ಯಾಯ ಎಂದ ಮಾತು, ಎಲ್ಲಾ ಒಂದೇ ಸಲಕ್ಕೆ ತಲೆಗೆ ಬಂತು. ಒಂದು ಚಟ ಇಲ್ಲದೆ ಬೆಳೆದವನು ನಾನು. ಊರೆಲ್ಲ ನನ್ನನ್ನು ಮಟಕಾದವನೆಂದು ಕರೆಯುತ್ತಿತ್ತು, ನಾನು ಅದಕ್ಕೆ ಬಲ್ಬು ಹಾಕಿಸಿ ಕೂತಿದ್ದೆ.

"ಹಂಗಲ್ರಿ, ಇಲ್ನೋಡ್ರಿ" ಎಂದು ಅವರನ್ನು ಕಂಪ್ಯೂಟರ್ ಮುಂದೆ ಕರೆದೆ. "ಇವು ಗಾಡಿ. ಇದರ ಮ್ಯಾಲಿನ ನಂಬರ್ ಅವು. ಮುಂದಿರೂದು ಅರವತ್ಮೂರು, ರೋಣದ್ದು. ಹಿಂದಿರೂದು ಹದಿನೆಂಟು."

"ಯಾರ ಓಡಸಾಕತ್ತಾರ? ಹೆಸರ ಹೇಳು."

"ಹೆಸರ ಹೇಳೂದಿಲ್ಲಂತ ಹುಡುಗ್ರಿಗೆ ಮಾತ ಕೊಟ್ಟೇನ್ರಿ."

"ಹೆಸರಿಲ್ಲದ, ಬರೇ ನಂಬರಿನ ಆಟ. ಮಟಕಾಕ್ಕೂ ಇದಕ್ಕೂ ಏನ ಫರಕು?"

ನನ್ನ ಅಂಗಡಿಯಲ್ಲಿದ್ದ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾಲಿಗೆಯ ತುದಿಗೆ ಅವರ ಹೆಸರು ಬಂತು. ಬಾಗಿಲಲ್ಲಿ ತಂಗಿಯ ಬಾಳು ನಿಂತಿದೆ, ಇಲ್ಲಿ ಹುಡುಗರಿಗೆ ಕೊಟ್ಟ ಮಾತು. ಮಾತು ಮುರಿಯುವ ಬದಲು ರಾಜೇಸಾಬನಿಗೆ ಫೋನ್ ಹಚ್ಚಿದೆ. ಗುರಪ್ಪನವರಿಗೆ ಅವನ ಮೇಲೆ ನಂಬಿಕೆ ಇತ್ತು. "ಜೋರ್ ಹಚ್ಚು, ನಾನೂ ಕೇಳತೀನಿ" ಎಂದರು. ಸ್ಪೀಕರ್ ಹಾಕಿದೆ.

"ರಾಜೇಸಾಬಾ, ಗುರಪ್ಪನವರು ಇಲ್ಲೇ ಅದಾರ. ನಾ ಮಟಕಾ ನಡಸ್ತೀನಂತ ತಿಳಕೊಂಡಾರ. ಸಂಬಂಧ ಬ್ಯಾಡ ಅನ್ನಾಕತ್ತಾರ. ನೀನ ಒಂದ್ ಮಾತ ಹೇಳಪಾ."

ಆ ಕಡೆ ರಾಜೇಸಾಬ ಕೈಯಿಂದ ಫೋನ್ ಮುಚ್ಚಿಕೊಂಡು ಯಾರ ಜೊತೆಗೋ ಮಾತಾಡಿದಂತಾಯಿತು. ಗುರಪ್ಪನವರು ಚೀಲ ಹೆಗಲಿಗೇರಿಸಿ ಬಾಗಿಲ ಕಡೆ ತಿರುಗಿದರು. ನಾನು ಅವರಿಗೆ ಅಡ್ಡ ಹೋಗಿ ನಿಂತೆ.

ಅಷ್ಟರಲ್ಲಿ ಹುಡುಗನೊಬ್ಬ, "ಅಣ್ಣಾರ, ಅರವತ್ಮೂರು ನಿಂತಬಿಡ್ತು" ಎಂದ.

ನೋಡಿದೆ. ಕೊನೆಯ ಸುತ್ತು. ಎಲ್ಲರಿಗಿಂತ ಮುಂದಿದ್ದ ಅರವತ್ಮೂರು ನಂಬರಿನ ಕಾರು ವೇಗ ಇಳಿಸಿ, ರಸ್ತೆಯ ಬದಿಯ ಹುಲ್ಲಿಗೆ ಸರಿದು ನಿಂತುಬಿಟ್ಟಿತ್ತು. ಹದಿನೆಂಟು ಅದನ್ನು ದಾಟಿ ಹೋಯಿತು. ಆಮೇಲೆ ಉಳಿದವೂ ಒಂದೊಂದಾಗಿ ದಾಟಿದವು.

ಫೋನಿನಲ್ಲಿ ಬೇರೆ ದನಿ ಬಂತು. "ಅಪ್ಪಾ, ಅರವತ್ಮೂರು ನಂದು."

ಗುರಪ್ಪನವರು ಫೋನನ್ನೇ ನೋಡಿದರು. "ಬಸ್ಯಾ, ನೀ ಕಂಪ್ಯೂಟರ್ ಕ್ಲಾಸಿಗೆ ಹೋಗಿದ್ದಿ ಅಲ್ಲಲೇ?"

"ಕ್ಲಾಸ್ ಮುಗದು ಭಾಳ ದಿನಾತಪಾ."

ಹುಡುಗರು ನಗು ತಡೆಯಲಾರದೆ ಬಾಯಿಗೆ ಕೈ ಹಿಡಿದರು. ಬಸವರಾಜ ತಡೆದು ತಡೆದು ಹೇಳಿದ, "ಅವರ ಮಟಕಾ ಆಡಸೂದಿಲ್ಲಪಾ. ಹೆಸರ ಬ್ಯಾಡ ಅಂದಾವ್ರು ನಾವ, ನಿಮಗ ಅಂಜಿ. ನಾ ಒಮ್ಮೆ ಗುದ್ದಿ ಗೆದ್ದಿದ್ದೆ. ಅವರು ನನ್ನ ಗೆಲುವು ತಗದ್ರು. ರೋಣದಾವ್ರ ಬಿಟ್ಟ ಹೋಗ್ತೀವಿ ಅಂದ್ರೂ ಬಗ್ಗಲಿಲ್ಲ. ಅದಕ್ಕ ನಾನ ರಾಜೇಸಾಬಣ್ಣಗ ಕೇಳಿದೆ, ಅವರಿಗೆ ತಂಗಿ ಅದಾಳೇನು ಅಂತ. ಅವತ್ತ ಮನಿಗೆ ಬಂದಾಗ ತಲಿ ಎತ್ತಲಿಲ್ಲ, ಗುದ್ದಿದಾವ ನಾನ ಅಂತ ತಿಳದೀತು ಅಂತ."

ಗುರಪ್ಪನವರು ಚೀಲ ಕೆಳಗಿಟ್ಟರು. ಆಮೇಲೆ ಕೇಳಿದ ಪ್ರಶ್ನೆ ನನಗೆ ಇವತ್ತಿಗೂ ನಗು ತರಿಸುತ್ತದೆ.

"ಅಲ್ಲಲೇ, ಮುಂದಿದ್ದಿ. ಒಂದ್ ಸುತ್ತು ಉಳದಿತ್ತು. ಗೆದ್ದು ಆಮ್ಯಾಲೆ ಫೋನ್ ಮಾಡಾಕ ಏನಾಗಿತ್ತು ನಿನಗ?"

"ಅಷ್ಟರಾಗ ನೀವ ಎದ್ದು ಹೋಗಿದ್ರ?" ಎಂದ ಅವನು.

ಗುರಪ್ಪನವರು ಕುರ್ಚಿಯ ಮೇಲೆ ಕೂತರು. ತಂಬಿಗೆ ಎತ್ತಿ, ತಲೆ ಹಿಂದೆ ಮಾಡಿ, ಗಟಗಟ ನೀರು ಕುಡಿದರು. ಆ ಸದ್ದು ಕೇಳಿ ನನ್ನ ಎದೆಯ ಮೇಲಿಂದ ಕಲ್ಲು ಇಳಿಸಿದಂತಾಯಿತು. ಗೋಡೆಗೆ ಒರಗಿ ನಿಂತುಕೊಂಡೆ.

ಮೀಸೆ ಒರೆಸಿಕೊಂಡು, "ಈರಣ್ಣಾರ" ಎಂದರು. ಹೋದ ಮರ್ಯಾದೆ ತಿರುಗಿ ಬಂತು. "ನಮ್ಮ ಹುಡುಗ ಬೇಕಂತ ನಿಲ್ಸ್ಯಾನ, ನೋಡೀರಿ. ಅವನ್ನ ಗೆದ್ದಾನಂತ ಬರಿಯಾಕ ಬರೂದಿಲ್ಲೇನು?"

"ಬರೂದಿಲ್ರಿ. ಗೆರಿ ಮೊದಲ ದಾಟಿದ್ದು ಹದಿನೆಂಟು."

ನನ್ನನ್ನು ಒಂದು ಗಳಿಗೆ ನೋಡಿ, ಹೊಟ್ಟೆ ಕುಣಿಸಿ ನಕ್ಕರು. "ಮಗ ಹೇಳಿದ್ದು ಖರೇ ಐತಿ" ಎಂದರು.

ಸಂಜೆ ನಾನೇ ಬಲ್ಬು ಬಿಚ್ಚಿದೆ, ಹಲಗೆ ತೊಳೆದೆ. ಹುಡುಗರನ್ನು ಕೂಡಿಸಿ, ಇನ್ನು ಮೇಲೆ ಬರೆದರೆ ಹೆಸರೇ ಬರೆಯುತ್ತೇನೆ, ಅಪ್ಪಂದಿರಿಗೆ ಹೇಳಿ ಬರುವವರಷ್ಟೇ ಆಡಿರಿ ಎಂದೆ. ಕೆಲವರು ಬಿಟ್ಟರು. ಹೆಚ್ಚಿನವರು ಹೇಳಿ ಬಂದರು. ಮುಂದಿನ ಭಾನುವಾರ ಹೊಸ ಲೀಗಿನ ಹೆಸರು ಬರೆದ ಹಲಗೆಯ ಮುಂದೆ ಆ ಅಜ್ಜ ಬಹಳ ಹೊತ್ತು ನಿಂತು ಓದಿದ.

"ನಂಬರ್ ಹಚ್ಚೂದು ಬಿಟ್ರೇನ್ರಿ?"

"ಬಿಟ್ಟೇನ್ರಿ ಅಜ್ಜಾರ. ಅವು ಮಟಕಾದ್ದಾಗಿರಲೇ ಇಲ್ಲ."

"ಅದಕ್ಕ ಒಂದೂ ಹತ್ತಲಿಲ್ಲ ಬಿಡ್ರಿ" ಎಂದು ಹೋದ.

ನಿಶ್ಚಯ ಹೇಳಿದ ದಿನವೇ ನಡೆಯಿತು. ಸೀರೆ ಉಟ್ಟು ಹೊರಗೆ ಬಂದಾಗ ಶಾಂತಾ ಮೊದಲು ನನ್ನ ಮುಖ ನೋಡಿದಳು. ಈಗ ಅವಳ ಮನೆ ರೋಣದಲ್ಲಿ ತುಂಬಿಕೊಂಡಿದೆ. ನನ್ನ ಅಂಗಡಿಯಲ್ಲಿ ಕಂಪ್ಯೂಟರ್ ಆಟ ಎಂದೋ ನಿಂತು ಝೆರಾಕ್ಸ್ ಯಂತ್ರ ಬಂದಿದೆ. ಬಸವರಾಜ ಬಂದಾಗ ಈಗಲೂ ಆ ಕೊನೆಯ ಸುತ್ತಿನ ಮಾತು ತೆಗೆಯುತ್ತಾನೆ, ಒಂದು ಗೆಲುವು ನಾನು ಅವನಿಗೆ ಕೊಡಬೇಕಂತೆ. ನಾನು ಕೊಟ್ಟಿಲ್ಲ. ಅವನು ಬಾಗಿಲಿಗೆ ಬಂದರೆ ಮೊದಲು ತಂಬಿಗೆಯಲ್ಲಿ ನೀರು ತಂದು ಕೈಗೆ ಕೊಡುತ್ತೇನೆ. ಅವನು ಪೂರ್ತಿ ಕುಡಿದು ಕೆಳಗಿಡುವವರೆಗೆ ಅಲ್ಲೇ ನಿಂತಿರುತ್ತೇನೆ.