ಖಾಲಿ ಮನೆಯಲ್ಲಿ ಒಂದು ಗಂಟೆ

ಮನೆ, ನಿವೇಶನಗಳ ಕ್ರಯವಿಕ್ರಯದ ವೃತ್ತಿಯಲ್ಲಿ ಮೂವತ್ತಾರು ವರ್ಷಗಳ ಸುದೀರ್ಘ ಸೇವೆ ಸಲ್ಲಿಸಿ ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ನಮ್ಮ ಹಿರಿಯ ವ್ಯವಸ್ಥಾಪಕಿಯವರ ಕುರಿತು ನಾಲ್ಕು ಮಾತು ಬರೆಯುವ ಅವಕಾಶ ಒದಗಿರುವುದು ನನ್ನ ಪಾಲಿನ ಭಾಗ್ಯ. ದಲ್ಲಾಳಿ ಎಂಬ ಪದ ಕಿವಿಗೆ ಬಿದ್ದೊಡನೆ ಜನ ಮೂಗು ಮುರಿಯುತ್ತಿದ್ದ ಕಾಲದಲ್ಲಿ ಈ ವೃತ್ತಿಗೆ ಬಂದು, ಅದೇ ಜನ 'ಆ ಮೇಡಂ ನೋಡಿದ್ದಾರಾ? ಹಾಗಾದ್ರೆ ಸರಿ' ಎಂದು ನೆಮ್ಮದಿಯಿಂದ ಮನೆ ಕೊಳ್ಳುವಂತೆ ಮಾಡಿದವರು ಅವರು. ಈ ಊರಿನ ಅರ್ಧದಷ್ಟು ಬೀದಿಗಳಲ್ಲಿ ಅವರು ಕುಳಿತೆದ್ದ ಮನೆಗಳಿವೆ. 'ಕುಳಿತೆದ್ದ' ಎಂಬ ಮಾತನ್ನು ನಾನು ಅಲಂಕಾರಕ್ಕೆ ಬಳಸಿಲ್ಲ.

ಇಷ್ಟು ಪೀಠಿಕೆ ಈ ಅಭಿನಂದನ ಗ್ರಂಥದ ಸಂಪಾದಕ ಸಮಿತಿಯ ಇಷ್ಟದಂತೆಯೇ ಬಂದಿದೆ. ಮುಂದಿನದಕ್ಕೆ ಸಮಿತಿಯವರು ನನ್ನನ್ನು ಕ್ಷಮಿಸಬೇಕು, ಕ್ಷಮಿಸದಿದ್ದರೂ ಅಡ್ಡಿಯಿಲ್ಲ. ಲೇಖನ ಕೋರಿ ಬಂದ ಪತ್ರದಲ್ಲಿ ಎರಡು ಸೂಚನೆಗಳಿದ್ದವು. 'ಹಳೆಯ ಕಾಲದ ನಿಷ್ಠೆಯ ಕೊನೆಯ ಕೊಂಡಿ' ಎಂಬ ಅರ್ಥದ ಮಾತು ಬರಲಿ ಎಂಬುದು ಒಂದು. ನರ್ಸ್ ಒಬ್ಬರ ಮನೆಯ ಪ್ರಕರಣ ಬೇಡ, ಸಂಸ್ಥೆಯ ಹೆಸರಿಗೆ ಶೋಭೆಯಲ್ಲ ಎಂಬುದು ಇನ್ನೊಂದು. ಎರಡನ್ನೂ ನಾನು ಪಾಲಿಸುತ್ತಿಲ್ಲ. ಸಮಿತಿಯ ಅಧ್ಯಕ್ಷರು ನಮ್ಮ ಸಂಸ್ಥೆಯ ಈಗಿನ ಒಡೆಯರು, ಹಳೆಯ ಯಜಮಾನರ ಅಳಿಯ; ಆಫೀಸಿನಲ್ಲಿ ಎಲ್ಲರೂ ಬೆನ್ನ ಹಿಂದೆ ಕರೆಯುವಂತೆ ನಾನು ಇಲ್ಲಿ ಮುಖದ ಮುಂದೆಯೇ ಅವರನ್ನು ಅಳಿಯಂದಿರು ಎನ್ನುತ್ತೇನೆ. ಮೇಡಂ ರೂಢಿಗೆ ತಂದ 'ಕೂರುವ ಗಂಟೆ' ಮುಂದಿನ ಸೋಮವಾರದಿಂದ ರದ್ದು ಎಂದು ಅವರು ಸಹಿ ಮಾಡಿದ ಸುತ್ತೋಲೆ ನೋಟಿಸ್ ಬೋರ್ಡಿನಲ್ಲಿ ನೇತಾಡುತ್ತಿದೆ. ಒಂದು ಕೈಯಲ್ಲಿ ಅಭಿನಂದನ ಗ್ರಂಥ, ಇನ್ನೊಂದು ಕೈಯಲ್ಲಿ ರದ್ದತಿಯ ಆದೇಶ! ಈ ಲೇಖನ ಆ ಸುತ್ತೋಲೆಗೆ ನನ್ನ ಉತ್ತರವೂ ಹೌದು.

ಕೂರುವ ಗಂಟೆ ಎಂದರೇನೆಂದು ಹೊರಗಿನವರಿಗೆ ಹೇಳಬೇಕು. ಮೇಡಂ ಈ ಸಂಸ್ಥೆಗೆ ಸೇರಿದ್ದು ಬಾಡಿಗೆ ಕರಾರು ಟೈಪ್ ಮಾಡುವ ಹುಡುಗಿಯಾಗಿ. ಆಗ ಆಫೀಸೆಂದರೆ ಟೈಲರ್ ಅಂಗಡಿಯ ಮೇಲಿನ ಎರಡು ಕೋಣೆ. ಮೂರನೆಯ ವರ್ಷ ಒಂದು ಮಧ್ಯಾಹ್ನ, ಮನೆ ತೋರಿಸುವವರೆಲ್ಲ ಹೊರಗೆ ಹೋಗಿದ್ದಾಗ, ಯಜಮಾನರು ಬೀಗದ ಕೈ ಕೊಟ್ಟು, "ಬಾಗಿಲು ತೆಗೆದು ನಿಂತಿರಮ್ಮ ಸಾಕು, ಮಿಕ್ಕಿದ್ದು ನಾನು ಬಂದು ಮಾತಾಡ್ತೀನಿ" ಎಂದು ಅವರನ್ನು ಒಂದು ಮನೆಗೆ ಕಳಿಸಿದರು. ಯಜಮಾನರು ಬರಲೇ ಇಲ್ಲ. ಕೊಳ್ಳುವವರು ಬಂದದ್ದು ಒಂದು ಗಂಟೆ ತಡವಾಗಿ. ಆ ಒಂದು ಗಂಟೆ ಖಾಲಿ ಮನೆಯಲ್ಲಿ ಸುಮ್ಮನೆ ನಿಂತ ಮೇಡಂ ಅವರಿಗೆ, ಮೂರು ಹೊಡೆದ ಮೇಲೆ ಪಕ್ಕದ ಬೇಕರಿಯ ಹೊಗೆ ನೇರ ಅಡುಗೆಮನೆಗೇ ನುಗ್ಗುತ್ತದೆ ಎಂಬುದೂ, ಮೇಲಿನ ಮನೆಯವರು ನಲ್ಲಿ ತಿರುಗಿಸಿದರೆ ಇಲ್ಲಿ ನೀರು ನೂಲಿನಷ್ಟಾಗುತ್ತದೆ ಎಂಬುದೂ ಗೊತ್ತಾಯಿತು. ಬಂದ ದಂಪತಿಗೆ ಅದನ್ನೆಲ್ಲ ಹೇಳಿಯೂಬಿಟ್ಟರು. ಸುದ್ದಿ ಕೇಳಿ ಯಜಮಾನರು ತಲೆಯ ಮೇಲೆ ಕೈಹೊತ್ತು ಕೂತರಂತೆ. ಆ ದಂಪತಿ ಮನೆಯನ್ನು ಕೊಂಡರು, ಕಿಟಕಿಯನ್ನು ಇನ್ನೊಂದು ಗೋಡೆಗೆ ಬದಲಿಸಿಕೊಂಡರು, ವರ್ಷ ತುಂಬುವುದರೊಳಗೆ ತಮ್ಮ ಅಣ್ಣ, ಭಾವ, ಷಡ್ಡಕ ಎಲ್ಲರನ್ನೂ "ಆ ಟೈಪಿಂಗ್ ಹುಡುಗೀನೇ ಕೇಳಿ" ಎಂದು ನಮ್ಮ ಮೆಟ್ಟಿಲು ಹತ್ತಿಸಿದರು.

ಆಮೇಲೆ ಮೇಡಂ ಒಂದು ಮಡಚುವ ಕುರ್ಚಿ ಕೊಂಡರು. ಮಾರಾಟಕ್ಕೆ ಬಂದ ಪ್ರತಿ ಮನೆಯಲ್ಲೂ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ, ಒಂದೊಂದು ಗಂಟೆ ಕೂರುವುದು. ಕೂತಾಗ ಯಾರೊಡನೆಯೂ ಮಾತಿಲ್ಲ, ಮುಂದಿನ ದಿನಗಳಲ್ಲಿ ಮೊಬೈಲ್ ಬಂದಾಗ ಅದೂ ಆಫ್. ಕಂಡದ್ದು, ಕೇಳಿದ್ದು, ಮೂಗಿಗೆ ಬಡಿದದ್ದು ಎಲ್ಲವನ್ನೂ ಒಂದು ಹಾಳೆಯಲ್ಲಿ ಗಂಟೆ ನಮೂದಿಸಿ ಬರೆಯುವುದು. ಆ ಹಾಳೆಗೆ 'ಮನೆಯ ದಿನಚರಿ' ಎಂದು ಹೆಸರು. ಕೆಳಗೆ ಅವರ ಸಹಿ ಬಿದ್ದ ಮೇಲೆಯೇ ಆ ಮನೆ ಗಿರಾಕಿಗಳ ಕಣ್ಣಿಗೆ ಬೀಳುತ್ತಿತ್ತು. ಊರಿನ ದಲ್ಲಾಳಿಗಳೆಲ್ಲ ನಕ್ಕು ಅವರಿಗೆ 'ಕುರ್ಚಿ ಮೇಡಂ' ಎಂದು ಹೆಸರಿಟ್ಟರು. ಬಿಸಿಲಲ್ಲಿ ಬೆವರು ಸುರಿಸಿ ಮೂವತ್ತು ಜನಕ್ಕೆ ಮನೆ ತೋರಿಸಿ ಒಬ್ಬರಿಗೆ ಮಾರುತ್ತಿದ್ದವರು, ಕೂತು ಬರೆದು ನಾಲ್ಕು ಜನಕ್ಕೆ ತೋರಿಸಿ ಒಬ್ಬರಿಗೆ ಮಾರುತ್ತಿದ್ದವರನ್ನು ಸೋಮಾರಿ ಎಂದರು. ಈ ಲೆಕ್ಕ ಯಾರಿಗೂ ಹೊಳೆಯದಿದ್ದದ್ದು ನನಗೆ ಇಂದಿಗೂ ಸೋಜಿಗ.

ಹದಿನೈದು ವರ್ಷದ ಹಿಂದೆ ನಾನು ಕೆಲಸಕ್ಕೆ ಸೇರಿದ ದಿನ ಅವರು ನನಗೆ ಕಲಿಸಿದ ಮೊದಲ ಪಾಠ ಬೀಗದ ಕೈಗಳದು. ಅಲ್ಲಿಯವರೆಗೆ ಗೋಡೆಯ ಹಲಗೆಯ ಮೇಲೆ ಮಾಲೀಕರ ಹೆಸರಿನ ಕ್ರಮದಲ್ಲಿ ನೇತಾಡುತ್ತಿದ್ದ ಕೀಲಿಗಳನ್ನು ನಾವಿಬ್ಬರೂ ಕೂತು ಬೀದಿವಾರು ಜೋಡಿಸಿದೆವು. "ಒಂದು ದಿಕ್ಕಿಗೆ ಹೋದ್ರೆ ಆ ದಿಕ್ಕಿನ ಕೆಲಸ ಎಲ್ಲಾ ಮುಗಿಸ್ಕೊಂಡೇ ಬಾ. ಊರೆಲ್ಲಾ ಸುತ್ತಿದೆ ಅಂತ ಯಾರೂ ನಿನಗೆ ಬಹುಮಾನ ಕೊಡಲ್ಲ" ಎಂದರು. ನನಗೆ ಆಗ ಎರಡು ವರ್ಷದ ಮಗಳು. ಆ ಜೋಡಣೆಯಿಂದ ಸಮಯ ಉಳಿಯುತ್ತಿದ್ದುದರಿಂದ ಐದು ಗಂಟೆಗೆ ಸರಿಯಾಗಿ ನನ್ನನ್ನು ಅವರೇ ಎಬ್ಬಿಸಿ ಮನೆಗೆ ಅಟ್ಟುತ್ತಿದ್ದರು.

ಇನ್ನು ಸಮಿತಿಗೆ ಬೇಡವಾದ ಪ್ರಕರಣ. ಸೇರಿದ ಎರಡನೆಯ ವರ್ಷ ಒಂದು ಮನೆಯಲ್ಲಿ ಬೆಳಿಗ್ಗೆ ಏಳಕ್ಕೂ ಸಂಜೆ ಆರರ ಮೇಲೂ ಮೇಡಂ ಕೂತಿದ್ದರು, ಮಧ್ಯಾಹ್ನದ ಸರದಿ ನನ್ನದಾಗಿತ್ತು. ನಾನು ಹೋಗಲಿಲ್ಲ. ಮಗಳಿಗೆ ಜ್ವರವಿತ್ತು ಎಂದು ಬರೆದರೆ ಓದುವವರು ಅಯ್ಯೋ ಎನ್ನಬಹುದು. ಮಗಳು ಗುಂಡುಕಲ್ಲಿನಂತಿದ್ದಳು, ನಾನು ಗೆಳತಿಯ ಜೊತೆ ಚಪ್ಪಲಿ ಕೊಳ್ಳಲು ಹೋಗಿದ್ದೆ. ಹಿಂತಿರುಗಿ ಬಂದು ದಿನಚರಿಯ ಹಾಳೆಯಲ್ಲಿ ಮನಸ್ಸಿಗೆ ತೋಚಿದ್ದನ್ನು ಬರೆದೆ: 'ಮಧ್ಯಾಹ್ನ ಒಂದರಿಂದ ಎರಡು: ನಿಶ್ಶಬ್ದ. ಆಗಾಗ ಹಕ್ಕಿಗಳ ದನಿ.' ಮೇಡಂ ನನ್ನ ಮೇಲಿನ ನಂಬಿಕೆಯಿಂದ ಸಹಿ ಹಾಕಿದರು. ಮನೆಯನ್ನು ನಾನು ಒಬ್ಬ ನರ್ಸ್ ಮತ್ತು ಅವರ ಗಂಡನಿಗೆ ಸಂಜೆ ಆರೂವರೆಗೆ ತೋರಿಸಿದೆ. ಆಗ ಅದು ನಿಜಕ್ಕೂ ನಿಶ್ಶಬ್ದವಾಗಿತ್ತು. ಹಾಳೆ ಓದಿ, ಮನೆ ನೋಡಿ, ಅವರು ಕೊಂಡರು.

ಒಂದು ತಿಂಗಳ ನಂತರ ಆ ನರ್ಸ್ ಆಫೀಸಿಗೆ ಬಂದರು. ಕಣ್ಣು ಕೆಂಪಾಗಿದ್ದವು. ಕೂರಿ ಎಂದರೂ ಕೂರಲಿಲ್ಲ. ಹಾಳೆಯನ್ನು ಮೇಡಂ ಅವರ ಮೇಜಿನ ಮೇಲಿಟ್ಟರು.

"ಇದನ್ನ ಬರೆದೋರು ಯಾರು? ಯಾವ ಹಕ್ಕಿ ಮೇಡಂ ಇದು? ಹಿಂದಿನ ಗೋಡೆ ಆಚೆ ಗ್ರಾನೈಟ್ ಕೊಯ್ಯೋ ಮಷೀನಿದೆ. ಬೆಳಿಗ್ಗೆ ಒಂಬತ್ತಕ್ಕೆ ಶುರುವಾದ್ರೆ ಸಂಜೆ ಆರಕ್ಕೇ ನಿಲ್ಲೋದು. ನಾನು ರಾತ್ರಿ ಪಾಳಿಯವಳು, ಹಗಲೇ ಮಲಗಬೇಕು. ಮೊನ್ನೆ ಒಬ್ಬರಿಗೆ ಕೊಡೋ ಇಂಜೆಕ್ಷನ್ ಇನ್ನೊಬ್ಬರಿಗೆ ಕೊಡೋಕೆ ಹೋಗಿದ್ದೆ. ಕೊನೇ ಘಳಿಗೇಲಿ ಚೀಟಿ ನೋಡ್ದೆ. ನೋಡದೇ ಹೋಗಿದ್ರೆ?"

ಮೇಡಂ ಹಾಳೆಯನ್ನು ಓದಿದರು, ಒಂದು ಸಲ ನನ್ನತ್ತ ನೋಡಿದರು, ಮತ್ತೆ ಅವರತ್ತ ತಿರುಗಿದರು.

"ಸಹಿ ನನ್ನದು, ತಪ್ಪೂ ನನ್ನದೇ. ಆ ಮನೆ ನಾವೇ ಮಾರಿಕೊಡ್ತೀವಿ, ನಿಮಗೆ ಬೇರೆ ಹುಡುಕಿಕೊಡ್ತೀವಿ. ಅಲ್ಲೀವರೆಗೂ ನಮ್ಮನೇಲಿ ಮಲಗಿ. ಹಗಲು ನಮ್ಮನೇಲಿ ಯಾರೂ ಇರಲ್ಲ" ಎಂದು ಕೈಚೀಲದಿಂದ ತಮ್ಮ ಮನೆಯ ಬೀಗದ ಕೈ ತೆಗೆದು ಕೊಟ್ಟರು. ಒಂಬತ್ತು ವಾರ ಆ ನರ್ಸ್ ಮೇಡಂ ಅವರ ಮನೆಯಲ್ಲಿ ಹಗಲು ನಿದ್ದೆ ಮಾಡಿದರು.

ಅಂದು ನರ್ಸ್ ಕೀಲಿ ತೆಗೆದುಕೊಂಡು ಹೋದ ಮೇಲೆ ನಾನು, "ನನ್ನನ್ನ ಕೆಲಸದಿಂದ ತೆಗೀತೀರಾ ಮೇಡಂ?" ಎಂದು ಕೇಳಿದೆ.

"ತೆಗೆದ್ರೆ ಇನ್ನೊಂದು ಆಫೀಸಿಗೆ ಹೋಗಿ ಅಲ್ಲೂ ಇದನ್ನೇ ಮಾಡ್ತೀಯ. ಇಲ್ಲೇ ಇದ್ದು ಕೂರೋದು ಕಲಿ. ನಾಳೆ ಒಂದು ಗಂಟೆಗೆ ಬಾ."

ಮರುದಿನ ನರ್ಸ್ ಅವರ ಒಪ್ಪಿಗೆ ಪಡೆದು ಆ ಮನೆಯ ಮಲಗುವ ಕೋಣೆಯಲ್ಲಿ ಇಬ್ಬರೂ ಕೂತೆವು. ಮಷೀನಿನ ಸದ್ದಿಗೆ ಕಿಟಕಿಯ ಗಾಜು ನಡುಗುತ್ತಿತ್ತು, ಹಲ್ಲು ಜುಮ್ಮೆನ್ನುತ್ತಿತ್ತು. ಒಂದು ಗಂಟೆ ಮೇಡಂ ಬೈಯಲೂ ಇಲ್ಲ, ಬುದ್ಧಿ ಹೇಳಲೂ ಇಲ್ಲ. ಹೇಳಿದ್ದರೂ ನನಗೆ ಕೇಳಿಸುತ್ತಿರಲಿಲ್ಲ. ಎರಡು ಹೊಡೆದಾಗ ಹೊಸ ಹಾಳೆಯನ್ನು ನನ್ನ ತೊಡೆಯ ಮೇಲಿಟ್ಟು ಪೆನ್ನು ಕೊಟ್ಟರು. ನಾನು ಅಳುತ್ತಲೇ ಬರೆದೆ. ಅಂದಿನಿಂದ ಇಂದಿನವರೆಗೆ ಕೂರದೆ ಒಂದು ಅಕ್ಷರ ಬರೆದಿಲ್ಲ.

ಆ ಹೊಸ ಹಾಳೆಯನ್ನೇ ಮುಂದಿಟ್ಟುಕೊಂಡು ಮೇಡಂ ತಮ್ಮ ರಜೆಗಳನ್ನೆಲ್ಲ ಆ ಮನೆಗಾಗಿ ಖರ್ಚು ಮಾಡಿದರು. ಕೊನೆಗೆ ಅದನ್ನು ಕೊಂಡವರು ಯಾರೆಂದರೆ ಅದೇ ಗ್ರಾನೈಟ್ ಕಾರ್ಖಾನೆಯ ಮೇಸ್ತ್ರಿ. ಸದ್ದಿನ ವಿಷಯ ಓದಿ ಅವರು ನಕ್ಕುಬಿಟ್ಟರು. "ಆ ಸದ್ದು ನಿಂತ್ರೇ ನನಗೆ ಎದೆ ಹೊಡ್ಕೊಳ್ಳೋದು ಮೇಡಂ. ಮಷೀನು ಕೆಟ್ಟಿದೆ ಅಂತ ಅರ್ಥ" ಎಂದರು. ನರ್ಸ್ ಅವರಿಗೆ ಗ್ರಂಥಾಲಯದ ಹಿಂದಿನ ಬೀದಿಯಲ್ಲಿ ಮನೆ ಸಿಕ್ಕಿತು. ಅಲ್ಲಿ ಮಧ್ಯಾಹ್ನ ನಾನು ಮೂರು ದಿನ ಕೂತಿದ್ದೆ. ಹಕ್ಕಿಗಳು ಇದ್ದವು, ಈ ಸಲ ಎಣಿಸಿ ಬರೆದೆ.

ಇದು ಸಂಸ್ಥೆಯ ಹೆಸರಿಗೆ ಶೋಭೆಯಲ್ಲವಂತೆ. ನನ್ನ ಪ್ರಕಾರ ಸಂಸ್ಥೆಗೆ ಹೆಸರು ಅಂತ ಒಂದಿದ್ದರೆ ಅದು ಬಂದದ್ದೇ ಇದರಿಂದ.

ಬದಲಾವಣೆಯ ಮಾತಿಗೆ ಬರೋಣ, ಏಕೆಂದರೆ ಮೇಡಂ ಕಾಲಕ್ಕೆ ತಕ್ಕಂತೆ ಬದಲಾಗಲಿಲ್ಲ ಎಂಬುದು ಅಳಿಯಂದಿರ ಅಚ್ಚುಮೆಚ್ಚಿನ ದೂರು. ಮನೆಗಳ ಜಾಹೀರಾತು ಪತ್ರಿಕೆಯ ಮೂರು ಸಾಲಿನಿಂದ ವೆಬ್‌ಸೈಟಿಗೆ ಜಿಗಿದಾಗ, ಮಾರುವವರೂ ಕೊಳ್ಳುವವರೂ ನೇರವಾಗಿ ಒಬ್ಬರನ್ನೊಬ್ಬರು ಹುಡುಕಿಕೊಳ್ಳತೊಡಗಿದಾಗ, ಈ ಊರಿನ ದಲ್ಲಾಳಿಗಳ ಕೈಕಾಲು ತಣ್ಣಗಾದವು. ಹಲವರು ಅಂಗಡಿ ಮುಚ್ಚಿದರು. ಮೇಡಂ ಆಗ ನಲವತ್ತಾರು ವಯಸ್ಸಿನವರು. ಫೋಟೋ ಸ್ಟುಡಿಯೋದವರ ಬಳಿ ಎರಡು ವಾರ ಹೋಗಿ ಕ್ಯಾಮೆರಾ ಕಲಿತರು, ವೆಬ್‌ಸೈಟಿಗೆ ಚಿತ್ರ ಏರಿಸುವುದನ್ನು ನನಗಿಂತ ಮೊದಲು ಕಲಿತರು. ಆಮೇಲೆ ನಮ್ಮನ್ನೆಲ್ಲ ಕೂರಿಸಿಕೊಂಡು ಹೇಳಿದ ಮಾತು ನನಗೆ ಬಾಯಿಪಾಠವಾಗಿದೆ: "ಫೋಟೋದಲ್ಲಿ ಮನೆಯ ಮೂಲೆಮೂಲೆ ಕಾಣತ್ತೆ, ಹೊತ್ತು ಕಾಣಲ್ಲ. ಬೆಳಿಗ್ಗೆ ತೆಗೆದ ಫೋಟೋಗೆ ಸಂಜೆ ಏನಾಗತ್ತೆ ಅಂತ ಗೊತ್ತಿಲ್ಲ. ಅದು ಗೊತ್ತಿರೋರು ನಾವು. ಹೆದರೋದ್ಯಾಕೆ?"

ಅಂದಿನಿಂದ ನಮ್ಮ ವೆಬ್‌ಸೈಟಿನಲ್ಲಿ ಪ್ರತಿ ಮನೆಯ ಚಿತ್ರದ ಕೆಳಗೂ ಅದರ ದಿನಚರಿ, ಹುಳುಕಿನ ಸಮೇತ, ಊರೆಲ್ಲ ಓದುವಂತೆ ಪ್ರಕಟವಾಗತೊಡಗಿತು. ಮಾಲೀಕರೊಬ್ಬರು ಕೆಂಡಾಮಂಡಲವಾಗಿ ಬಂದರು. "ನನ್ನ ಮನೆ ಮಾನ ಹರಾಜಿಗೆ ಹಾಕ್ತೀರಾ?" ಎಂದು ಮೇಜು ಗುದ್ದಿದರು. ಮೇಡಂ, "ಸಂಜೆ ನಾಲ್ಕರಿಂದ ಹಾಲ್‌ನಲ್ಲಿ ಕೂರೋಕಾಗದಷ್ಟು ಬಿಸಿಲು ಅಂತ ಬರೆದಿದ್ದೀನಿ ಸಾರ್. ಬಿಸಿಲನ್ನ ನಾನು ತಂದು ಹಾಕಿಲ್ಲ" ಎಂದರು. ಅವರು ಕೀಲಿ ಕಿತ್ತುಕೊಂಡು ಬೇರೆ ದಲ್ಲಾಳಿಯ ಬಳಿ ಹೋದರು. ಎಂಟು ತಿಂಗಳ ನಂತರ ಅದೇ ಕೀಲಿಯೊಡನೆ, ಮೇಜು ಗುದ್ದದೆ, ವಾಪಸು ಬಂದರು.

ಅಳಿಯಂದಿರು ಬಂದು ನಾಲ್ಕು ವರ್ಷವಾಯಿತು. ಅವರು ದುಡಿಯುವವರು, ಕೆಟ್ಟವರೇನಲ್ಲ. ಆದರೆ ನಮ್ಮೆಲ್ಲರ ಮೊಬೈಲಿಗೂ ಒಂದು ಟೈಮರ್ ಹಾಕಿಸಿ, ಒಂದು ಮನೆಗೆ ಇಪ್ಪತ್ತು ನಿಮಿಷ, ಅಷ್ಟರಲ್ಲಿ ವಿಡಿಯೋ ಮುಗಿಯಬೇಕು ಎಂದು ಗೆರೆ ಕೊರೆದರು. ವಿಡಿಯೋ ಮುಗಿದು ಟೈಮರ್ ಕೂಗಿದಾಗ ಮೇಡಂ ಫೋನನ್ನೇ ಆಫ್ ಮಾಡಿ ಕೂರುತ್ತಿದ್ದರು. ಟೈಪ್‌ರೈಟರನ್ನು ಬಿಟ್ಟವರು ಅವರು, ಕೀಲಿ ಹಲಗೆಯನ್ನು ಬದಲಿಸಿದವರು ಅವರು, ವೆಬ್‌ಸೈಟಿಗೆ ಅಂಜದೆ ಕೈಹಾಕಿದವರು ಅವರು. ಬಿಡಲು ಒಪ್ಪದೆ ಇದ್ದದ್ದು ಒಂದೇ ಒಂದನ್ನು. ಇಪ್ಪತ್ತು ನಿಮಿಷದಲ್ಲಿ ಮುಗಿಸಿದ ಮನೆಗಳನ್ನು ಮತ್ತೆ ಮತ್ತೆ ತೋರಿಸಲು ನಾವು ಕಳೆದ ವರ್ಷವೆಲ್ಲ ಬೀದಿ ಅಲೆದಿದ್ದೇವೆ. ಸಮಯ ಉಳಿಸುವುದೆಂದರೆ ಇದಾದರೆ ಆ ಉಳಿತಾಯ ನನಗೆ ಬೇಡ. ಅವರನ್ನು ಹಳೆಯ ಕಾಲದ ಕೊನೆಯ ಕೊಂಡಿ ಎನ್ನಲು ನಾನು ತಯಾರಿಲ್ಲ.

ಹೋದ ವಾರ ಮೇಡಂ ತಮ್ಮ ಮೇಜು ಖಾಲಿ ಮಾಡುತ್ತಿದ್ದಾಗ ನಾನು, ಕುರ್ಚಿಯನ್ನು ನನಗೆ ಕೊಟ್ಟು ಹೋಗಿ ಎಂದು ಕೇಳಿದೆ. ಕಣ್ಣಲ್ಲಿ ನೀರು ಬರಲು ಸಿದ್ಧವಾಗಿಯೇ ಇತ್ತು.

"ಕೊಡಲ್ಲ" ಎಂದರು. "ಇದು ನನ್ನದು, ನನಗಿನ್ನೂ ಬೇಕು. ಶನಿವಾರ ಶನಿವಾರ ಗ್ರಂಥಾಲಯದಲ್ಲಿ ಕೂತು, ಮೊದಲ ಸಲ ಮನೆ ಹುಡುಕೋರಿಗೆ ಏನೇನು ನೋಡ್ಬೇಕು ಅಂತ ಹೇಳಿಕೊಡ್ತೀನಿ, ಮಾತಾಡಿ ಆಗಿದೆ. ನಿನಗೆ ಬೇಕಿದ್ರೆ ಅಂಗಡಿಗೆ ಹೋಗಿ ಒಂದು ಕೊಂಡ್ಕೋ."

ಹಾಗಾಗಿ, ಮೇಡಂ, ನಿಮ್ಮ ವಿಶ್ರಾಂತ ಜೀವನ ಸುಖಕರವಾಗಿರಲಿ ಎಂದು ನಾನು ಹಾರೈಸುವುದಿಲ್ಲ. ವಿಶ್ರಾಂತಿ ನಿಮ್ಮ ಹತ್ತಿರ ಸುಳಿಯದಿರಲಿ. ನಿಮ್ಮ ಮೊಣಕಾಲು ಗಟ್ಟಿಯಾಗಿರಲಿ, ಕಿವಿ ಚುರುಕಾಗಿರಲಿ, ನೂರು ತುಂಬಿದ ಮೇಲೂ ಈ ಊರಿನ ಖಾಲಿ ಮನೆಗಳು ನಿಮಗೆ ಹೆದರುತ್ತಿರಲಿ. ನಾನು ಅಂಗಡಿಗೆ ಹೋಗಿ ಕುರ್ಚಿ ಕೊಂಡಿದ್ದೇನೆ. ನೀಲಿ ಬಣ್ಣದ್ದು. ನೋಟಿಸ್ ಬೋರ್ಡಿನ ಕೆಳಗೇ ಒರಗಿಸಿಟ್ಟಿದ್ದೇನೆ, ಸುತ್ತೋಲೆ ಓದುವವರ ಕಾಲಿಗೆ ತಗಲುವಂತೆ.

ಅಳಿಯಂದಿರೇ, ಸೋಮವಾರ ಬೆಳಿಗ್ಗೆ ಏಳಕ್ಕೆ ನಾನು ಹೊಸದಾಗಿ ಮಾರಾಟಕ್ಕೆ ಬಂದ ಆ ಮೂಲೆಮನೆಯಲ್ಲಿ ಕೂತಿರುತ್ತೇನೆ. ನನ್ನನ್ನು ಕೆಲಸದಿಂದ ತೆಗೆಯುವುದಿದ್ದರೆ ಎಂಟರ ನಂತರ ಫೋನ್ ಮಾಡಿ. ಅಲ್ಲಿಯವರೆಗೆ ಫೋನು ಆಫ್ ಆಗಿರುತ್ತದೆ.